ಈಗ ಅಲ್ಲಿ ಏನೂ ಇಲ್ಲ

ಪ್ರತಿ ವರ್ಷ ಜುಲೈ, ಆಗಸ್ಟ್ ಬಂತು ಅಂದ್ರೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಯಾರಾದರೊಬ್ಬರು ಕಾಫಿ ಲೋಟ ಹಿಡಿದು ನನ್ನೆದುರು ಬಂದು ಕೂರ್ತಾರೆ. "ನೀವು ಮಧುಗಿರಿ ಕಡೆಯೋರಲ್ವಾ? ಒಂದು ವೀಕೆಂಡ್ ಬೆಟ್ಟ ಹತ್ತೋಣ ಅಂತಿದೀವಿ. ಬೆಸ್ಟ್ ಸೀಸನ್ ಯಾವುದು?"

ಹತ್ತು ವರ್ಷ ನಾನು ಒಂದೇ ಉತ್ತರ ಕೊಟ್ಟೆ. "ಅಕ್ಟೋಬರ್‌ನಿಂದ ಫೆಬ್ರವರಿ. ಮಳೆ ಬಿದ್ದು ಹಸಿರಾಗಿರುತ್ತೆ, ಬಿಸಿಲೂ ಅಷ್ಟಾಗಿ ಇರಲ್ಲ. ಬೇಸಿಗೆಯಲ್ಲಿ ಮಾತ್ರ ಬರಬೇಡಿ."

ಈಗ ಆ ಉತ್ತರ ಕೊಡೋದನ್ನ ನಿಲ್ಲಿಸಿದ್ದೀನಿ. ಯಾರಾದರೂ ಕೇಳಿದರೆ "ಏಪ್ರಿಲ್‌ನಲ್ಲಿ ಬನ್ನಿ" ಅಂತೀನಿ. ಕೇಳಿದವರು ನಗ್ತಾರೆ. ತಮಾಷೆ ಮಾಡ್ತಿಲ್ಲ ಅಂತ ಗೊತ್ತಾದ ಮೇಲೆ, ಇವಳಿಗೆ ನಾವು ಬರೋದು ಇಷ್ಟವಿಲ್ಲ ಅಂದುಕೊಂಡು ಸಕಲೇಶಪುರಕ್ಕೆ ಹೋಗ್ತಾರೆ. ಹೋಗಲಿ. ಆದರೆ ಹೋಗೋ ಮುಂಚೆ ನನ್ನ ವಾದ ಒಂದಿಷ್ಟು ಕೇಳಿಸಿಕೊಳ್ಳಿ ಅಂತ ಇದನ್ನ ಬರೀತಿದ್ದೀನಿ.

ಮೊದಲು ಆ ಉತ್ತರದ ಬಗ್ಗೆಯೇ ಮಾತಾಡೋಣ. "ಅಕ್ಟೋಬರ್‌ನಿಂದ ಫೆಬ್ರವರಿ" ಅನ್ನೋ ಸಾಲನ್ನ ನೀವು ಎಲ್ಲಿ ಓದಿಲ್ಲ ಹೇಳಿ? ಕೊಡಗಿಗೂ ಅದೇ, ಹಂಪಿಗೂ ಅದೇ, ಊಟಿಗೂ ಅದೇ, ಚನ್ನರಾಯನದುರ್ಗಕ್ಕೂ ಅದೇ. ಮದುವೆ ಮನೆಯಲ್ಲಿ ಎಲ್ಲ ಎಲೆಗೂ ಒಂದೇ ಸೌಟಿನಲ್ಲಿ ಬಡಿಸಿದ ಹಾಗೆ. ಬರೆದವರು ಇಲ್ಲಿ ಎಂದಾದರೂ ಒಂದು ಮಳೆಗಾಲ ಕಳೆದಿದ್ದಾರಾ ಅಂತ ಯಾರೂ ಕೇಳಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತೆ. ಪಾವಗಡದ ಕಡೆ ವರ್ಷವಿಡೀ ಬಿದ್ದಿದ್ದನ್ನೆಲ್ಲ ಕೂಡಿಸಿದರೂ 500-600ರ ಆಸುಪಾಸು. ಮುಂಗಾರು ಪಶ್ಚಿಮ ಘಟ್ಟದಲ್ಲಿ ಚೀಲ ಖಾಲಿ ಮಾಡಿಕೊಂಡು ನಮ್ಮ ಕಡೆ ಬರೋ ಹೊತ್ತಿಗೆ ಗಾಳಿ ಮಾತ್ರ ಉಳಿದಿರುತ್ತೆ. ನಮಗೆ ಕೈಹಿಡಿಯೋದು ಸೆಪ್ಟೆಂಬರ್, ಅಕ್ಟೋಬರ್. ಉತ್ತರೆ, ಹಸ್ತ, ಚಿತ್ತೆ. ಅಂದರೆ "ಮಳೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಬನ್ನಿ" ಅನ್ನೋ ಸಲಹೆಯೇ ನಮ್ಮ ಪಾಲಿಗೆ ತಪ್ಪು. ನಮ್ಮಲ್ಲಿ ಮಳೆ ಅಂತ ಒಂದು ಬರೋದಿದ್ದರೆ ಅದು ಆವಾಗಲೇ. ಪಾಚಿ ಹಿಡಿದ ಏಕಶಿಲೆ ಮೇಲೆ, ಅಂಗೈಯಷ್ಟು ಕೊರೆದ ಮೆಟ್ಟಿಲಲ್ಲಿ, ಮಳೆ ಹನಿಯುವಾಗ ಇಳಿದು ನೋಡಿ. ಸಿಡಿಲಿನ ಮಾತು ಬೇರೆ. ನಮ್ಮೂರಿನ ಕುರಿ ಕಾಯುವವರು ಮೋಡ ಕಪ್ಪಾದರೆ ಬಂಡೆ ಬಿಟ್ಟು ಕೆಳಗೆ ಇಳೀತಾರೆ. ಟ್ರೆಕ್ಕಿಂಗ್ ಗುಂಪುಗಳು ಅದೇ ಹೊತ್ತಿಗೆ ಮೇಲೆ ಹತ್ತುತ್ತವೆ, ಫೋಟೋಗೆ ಮೋಡ ಚೆನ್ನಾಗಿರುತ್ತೆ ಅಂತ.

ಇನ್ನು ಆ ಹಸಿರು. ಹಸಿರು ನಮ್ಮಲ್ಲಿಗೆ ನೆಂಟರ ಹಾಗೆ ಬರುತ್ತೆ. ಬಂದರೆ ಎರಡು ತಿಂಗಳು ಇರುತ್ತೆ, ಬರದಿದ್ದರೆ ಆ ವರ್ಷ ಬರಲ್ಲ, ಅಷ್ಟೇ. 2022ರಲ್ಲಿ ಜಯಮಂಗಲಿ ತುಂಬಿ ಹರಿದಳು. ಆ ವರ್ಷದ ವಿಡಿಯೋಗಳನ್ನ ನೋಡಿದವರು ಮಧುಗಿರಿ ಅಂದರೆ ಮಿನಿ ಮಲೆನಾಡು ಅಂದುಕೊಂಡರು. ಮಾರನೇ ವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಣೆ ಮಾಡಿತು. ಆ ವರ್ಷ ಬಂದ ನನ್ನ ಸಹೋದ್ಯೋಗಿಗಳು ಸೋಮವಾರ ಆಫೀಸಿಗೆ ಬಂದು, "ಏನಿಲ್ಲ ರೀ, ಬರೀ ಕಲ್ಲು, ಮೋಸ ಹೋದ್ವಿ" ಅಂದರು. ನಾನು "ಸಾರಿ" ಅಂದೆ. ಬರ ಬಂದಿದ್ದಕ್ಕೆ ನಾನು ಸಾರಿ ಕೇಳಿದೆ! ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ.

ಆ "ಸಾರಿ"ಗೆ ಕಾರಣ ಅವರಲ್ಲ, ನಾನೇ. ಅದನ್ನ ಹೇಳದಿದ್ದರೆ ಈ ಬರಹ ಬರೀ ಬೈಗುಳ ಆಗುತ್ತೆ. ಹಾಗಾಗಿ ಹೇಳ್ತೀನಿ.

ನನ್ನ ಗಂಡನ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ತೋಟ, ಮನೆ ಹಿಂದೆ ಹಳ್ಳ, ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಮದುವೆ ಮಾತುಕತೆಗೆ ಅವರು ನಮ್ಮೂರಿಗೆ ಬಂದಿದ್ದು ದೀಪಾವಳಿ ಕಳೆದ ಮೇಲೆ. ಆ ದಿನಾಂಕ ನಾನೇ ಆರಿಸಿದ್ದೆ. ಹೊಲದಲ್ಲಿ ರಾಗಿ ನಿಂತಿತ್ತು, ತೊಗರಿ ಹೂ ಬಿಟ್ಟಿತ್ತು, ಕೆರೆಯಲ್ಲಿ ಒಂದಿಷ್ಟು ನೀರಿತ್ತು. ಅತ್ತೆ ಖುಷಿಪಟ್ಟರು. ಆಮೇಲೆ ಐದಾರು ವರ್ಷ ಅವರು ಬಂದಾಗೆಲ್ಲ ನವೆಂಬರ್ ಅಥವಾ ಡಿಸೆಂಬರ್. ಬೇಸಿಗೆ ರಜೆಯಲ್ಲಿ ಬರ್ತೀನಿ ಅಂದರೆ ನನ್ನ ಹತ್ತಿರ ಯಾವಾಗಲೂ ಒಂದು ನೆಪ ರೆಡಿ ಇರ್ತಿತ್ತು.

ಒಂದು ಏಪ್ರಿಲ್‌ನಲ್ಲಿ ನಾನು ಅಪ್ಪನ ಮನೆಯಲ್ಲಿದ್ದಾಗ ಅತ್ತೆ ಫೋನ್ ಮಾಡಿದರು. "ನಾನೂ ಒಂದು ವಾರ ಬರಲೇನೆ?" ಅಂದರು. ಜಗಲಿ ಮೇಲೆ ನಿಂತು ನಾನಂದೆ, "ಬೇಡ ಅತ್ತೆ, ಈಗ ಇಲ್ಲಿ ಏನೂ ಇಲ್ಲ."

ಫೋನ್ ಇಟ್ಟು ತಿರುಗಿದರೆ ಅಪ್ಪ ಬಾಗಿಲ ಹತ್ತಿರ ನಿಂತಿದ್ದರು. ಕೋಪ ಏನಿಲ್ಲ. ಮೆತ್ತಗೆ ಕೇಳಿದರು.

"ಏನೂ ಇಲ್ವೇನಮ್ಮಾ? ನಾವಿಲ್ವಾ?"

ನನಗೆ ಉತ್ತರ ಹೊಳೀಲಿಲ್ಲ. ಅಪ್ಪ ಹನ್ನೆರಡು ತಿಂಗಳೂ ಅಲ್ಲೇ ಇರ್ತಾರೆ. ಅಮ್ಮ ಇರ್ತಾಳೆ. ಎರಡು ಹಸು, ಪಕ್ಕದ ಮನೆ ಅಜ್ಜಿ, ಇಡೀ ಊರು ಇರುತ್ತೆ. ನಾಲ್ಕು ತಿಂಗಳು ಹಸಿರು ಇಲ್ಲ ಅಂದ ಮಾತ್ರಕ್ಕೆ ನಾನು ಅವರನ್ನೆಲ್ಲ "ಏನೂ ಇಲ್ಲ" ಅನ್ನೋ ಎರಡು ಪದದಲ್ಲಿ ಒರೆಸಿ ಹಾಕಿದ್ದೆ. ಪ್ರವಾಸದ ವೆಬ್‌ಸೈಟುಗಳು "ಆಫ್ ಸೀಸನ್" ಅಂತ ಬರೆಯೋದೂ ಇದನ್ನೇ. ಅವರಿಗೆ ಊರು ಗೊತ್ತಿಲ್ಲ, ಬರೀತಾರೆ. ನಾನು ಅಲ್ಲೇ ಹುಟ್ಟಿದವಳು.

ಸರಿ, ಹಾಗಾದರೆ ಏಪ್ರಿಲ್‌ನಲ್ಲಿ ಅಲ್ಲಿ ಏನಿದೆ? ಒಂದೊಂದಾಗಿ ಹೇಳ್ತೀನಿ.

ಮಧುಗಿರಿ ಬೆಟ್ಟದಿಂದ ಶುರು ಮಾಡೋಣ. ಏಷ್ಯಾದ ಎರಡನೇ ಅತಿ ದೊಡ್ಡ ಏಕಶಿಲೆ ಅಂತ ಎಲ್ಲರೂ ಹೇಳ್ತಾರೆ. ನಾನು ಅಳೆದಿಲ್ಲ. ಆದರೆ ಅದು ಕಲ್ಲು ಅನ್ನೋದರಲ್ಲಿ ಅನುಮಾನ ಇಲ್ಲ ತಾನೇ? ಕಲ್ಲು ನೋಡೋಕೆ ಬಂದು ಹಸಿರು ಹುಡುಕೋದು ಯಾವ ನ್ಯಾಯ? ಬೇಸಿಗೆಯ ಬೆಳಗಿನ ಜಾವ, ಬಿಸಿಲು ಏರೋಕೆ ಮುಂಚೆ, ಆ ಬಂಡೆಯ ಮೈ ಹೇಗಿರುತ್ತೆ ಅಂದರೆ ಪ್ರತಿ ಗೆರೆ, ನೀರು ಇಳಿದ ಪ್ರತಿ ಕಪ್ಪು ಪಟ್ಟೆ, ಮೇಲಿಂದ ಮೇಲಕ್ಕೆ ಏರುವ ಕೋಟೆ ಗೋಡೆಯ ಒಂದೊಂದು ಸುತ್ತು ಬಿಡಿಸಿ ಕಾಣುತ್ತೆ. ಗಿಡಗಂಟಿ ಒಣಗಿರೋದರಿಂದ ಮಳೆಗಾಲದಲ್ಲಿ ಮುಚ್ಚಿಹೋಗುವ ಬುರುಜುಗಳೂ ಕಾಣ್ತವೆ.

ಮುಖ್ಯವಾಗಿ ನೀರಿನ ದೊಣೆಗಳು. ಕೋಟೆ ನಿಂತಿದ್ದು ಫಿರಂಗಿಯ ಬಲದಿಂದ ಅಂತ ನಾವು ಶಾಲೆಯಲ್ಲಿ ಓದಿದ್ದು. ಬೇಸಿಗೆಯಲ್ಲಿ ಹತ್ತಿದರೆ ಗೊತ್ತಾಗುತ್ತೆ, ಕೋಟೆ ನಿಂತಿದ್ದು ಬಂಡೆಯ ಗುಂಡಿಗಳಲ್ಲಿ ಹಿಡಿದಿಟ್ಟ ಮಳೆನೀರಿನಿಂದ. ಮೇಲೆ ನೀರಿದ್ದರೆ ಕೋಟೆ ಇತ್ತು, ಮುಗಿದರೆ ಬಾಗಿಲು ತೆಗೆಯಲೇಬೇಕಿತ್ತು. ನವೆಂಬರ್‌ನಲ್ಲಿ ಹತ್ತಿದವರು ಆ ದೊಣೆ ಪಕ್ಕ ಸೆಲ್ಫಿ ತೆಗೆದು ಮುಂದೆ ಹೋಗ್ತಾರೆ. ಏಪ್ರಿಲ್‌ನಲ್ಲಿ ಬಾಯಾರಿ ಹತ್ತಿದವರು ಒಂದು ನಿಮಿಷ ನಿಲ್ತಾರೆ.

ಈ ಬೆಟ್ಟದ ಮೇಲೆ ಒಬ್ಬ ರಾಣಿ ಸೆರೆಯಲ್ಲಿದ್ದಳು. ಕೆಳದಿಯ ಕೊನೆಯ ರಾಣಿ ವೀರಮ್ಮಾಜಿ. 1763ರಲ್ಲಿ ಬಿದನೂರನ್ನ ಗೆದ್ದ ಹೈದರಾಲಿ ಅವಳನ್ನ ತಂದು ಇಲ್ಲಿಟ್ಟ. 1767ರಲ್ಲಿ ಮಾಧವರಾಯ ಪೇಶ್ವೆಯ ಮರಾಠಾ ಸೇನೆ ಬಂದು ಬಿಡಿಸೋ ತನಕ ಇಲ್ಲೇ ಇದ್ದಳು. ಬಿದನೂರು ಅಂದರೆ ಇವತ್ತಿನ ನಗರ, ಮಳೆ ಬಿಟ್ಟೂಬಿಡದೆ ಸುರಿಯುವ ಊರು. ಅಲ್ಲಿಂದ ಬಂದವಳಿಗೆ ಈ ಬಂಡೆ, ಈ ಬಿಸಿಲು, ಈ ಬಯಲು ಜೈಲಾಗಿಯೇ ಕಂಡಿರಬೇಕು. ಅವಳ ಮೇಲೆ ನನಗೆ ಮರುಕ ಇದೆ. ಆದರೆ ಅವಳನ್ನ ಇಲ್ಲಿಗೆ ತಂದಿದ್ದು ಬಲವಂತವಾಗಿ. ನೀವು ಕಾರು ಹತ್ತಿ, ಟೋಲ್ ಕಟ್ಟಿ, ನೀವಾಗೇ ಬಂದು ಇದು ಮಲೆನಾಡಲ್ಲ ಅಂತ ಯಾಕೆ ಗೊಣಗ್ತೀರಿ?

ಶಿರಾ ತಾಲ್ಲೂಕಿನ ಕಗ್ಗಲಡುಗೆ ಹೋಗಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವು ಬರೋದು ಚಳಿಗಾಲ ಮುಗಿಯೋ ಹೊತ್ತಿಗೆ. ಬೇಸಿಗೆಯಲ್ಲಿ ಮರಿಗಳ ಗಲಾಟೆ ನಡೆದಿರುತ್ತೆ. ನಿಮ್ಮ "ಬೆಸ್ಟ್ ಸೀಸನ್" ಪಟ್ಟಿ ಹಿಡಿದು ನವೆಂಬರ್‌ನಲ್ಲಿ ಹೋದರೆ ನಿಮಗೆ ಕಾಣೋದು ಖಾಲಿ ಹುಣಸೆ ಮರ. ನಾವು ಬರಡು ಅಂತ ಬಿಟ್ಟು ಓಡುವ ಕಾಲವನ್ನ ಆ ಹಕ್ಕಿಗಳು ಮರಿ ಮಾಡೋಕೆ ಆರಿಸಿಕೊಂಡಿವೆ. ಕೆರೆ ನೀರು ತಗ್ಗಿದಾಗ ಕಾಲೂರಿ ನಿಂತು ಮೀನು ಹಿಡಿಯೋದು ಅವಕ್ಕೆ ಸಲೀಸು. ಊರಿನವರು ಹಿಕ್ಕೆ, ವಾಸನೆ, ಗದ್ದಲ ಎಲ್ಲ ಸಹಿಸಿಕೊಂಡು ಅವುಗಳನ್ನ ಮನೆ ಮಕ್ಕಳ ಹಾಗೆ ನೋಡ್ಕೋತಾರೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ. 798 ಎಕರೆ. ಗೇಟು ದಾಟಿದರೆ ಹುಲ್ಲು, ಹುಲ್ಲು, ಇನ್ನಷ್ಟು ಹುಲ್ಲು. "ಕಾಡು ಎಲ್ಲಿ?" ಅಂತ ಕೇಳಿದವರನ್ನ ನಾನೇ ನೋಡಿದ್ದೀನಿ. ಕೃಷ್ಣಮೃಗಕ್ಕೆ ಇದೇ ಕಾಡು. ಅದಕ್ಕೆ ದೂರ ಕಾಣಬೇಕು, ಓಡೋಕೆ ಬಯಲು ಬೇಕು. ಮರ ಕಮ್ಮಿ ಇರೋದೇ ಅದರ ಭಾಗ್ಯ. ಆದರೂ ಮರವಿಲ್ಲದ ನೆಲ ಕಂಡರೆ ಪಾಪ ಅನ್ನಿಸಿ ಯಾವುದೋ ಕಾಲದಲ್ಲಿ ಅಲ್ಲೂ ಅಲ್ಲಲ್ಲಿ ನೀಲಗಿರಿ ನೆಟ್ಟಿದ್ದಾರೆ. ಹಸಿರು ಇದ್ದರೆ ಒಳ್ಳೆಯದು ಅನ್ನೋ ಹುಚ್ಚು ಇವತ್ತಿನದಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕುಸಿದಾಗ ಸಂಜೆಯ ಬೆಳಕಿನಲ್ಲಿ ಒಂದು ಕಪ್ಪು ಗಂಡು ತಲೆ ಎತ್ತಿ ನಿಲ್ಲೋದನ್ನ ನೋಡಿ. ಆಮೇಲೆ ಅಲ್ಲಿ ಏನೂ ಇಲ್ಲ ಅಂತ ನನ್ನ ಮುಖ ನೋಡಿ ಹೇಳಿ.

ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ಗುಹೆಯೊಳಗಿನ ಒರತೆಯ ನೀರು ತಲೆಗೆ ಹಾಕ್ಕೊಳ್ಳೋಕೆ ಜನ ಹತ್ತಿ ಬರ್ತಾರೆ. ರೋಗ ವಾಸಿಯಾಗುತ್ತೆ ಅಂತ ನಂಬಿಕೆ. ವಾಸಿಯಾಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಅಷ್ಟೊಂದು ಮೆಟ್ಟಿಲು ಹತ್ತಿದ ಮೇಲೆ ಆ ತಣ್ಣನೆ ನೀರು ನೆತ್ತಿಗೆ ಬಿದ್ದರೆ ನಂಬಿಕೆ ಯಾಕೆ ಹುಟ್ಟಿತು ಅಂತ ಮಾತ್ರ ಗೊತ್ತಾಗುತ್ತೆ.

ಇನ್ನು ಜನ. ನಿಮ್ಮ ಸೀಸನ್‌ನಲ್ಲಿ ನಮ್ಮ ಜನಕ್ಕೆ ನಿಮ್ಮ ಜೊತೆ ಮಾತಾಡೋಕೆ ಪುರುಸೊತ್ತಿರಲ್ಲ. ಕಡಲೇಕಾಯಿ ಕೀಳೋದು, ಬಿಡಿಸೋದು, ಆಮೇಲೆ ರಾಗಿ ಕುಯ್ಲು, ಮೆದೆ, ಒಕ್ಕಣೆ. ಟಾರು ರಸ್ತೆ ಮೇಲೆ ಒಕ್ಕಣೆ ಹರಡಿದ್ದಾರೆ ಅಂತ ನೀವು ಹಾರ್ನ್ ಹೊಡೀತೀರಿ, ಅವರು ಗೊಣಗಿಕೊಂಡು ಪಕ್ಕಕ್ಕೆ ಸರೀತಾರೆ. ನಿಮಗೂ ಅವರಿಗೂ ಆಗೋ ಮಾತುಕತೆ ಅಷ್ಟೇ. ಬೇಸಿಗೆ ಬಂದರೆ ಊರು ನೆರಳಲ್ಲಿ ಕೂರುತ್ತೆ. ಹೆಂಗಸರು ಜಗಲಿ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೀತಾರೆ. ಬೆಂಗಳೂರಿನಲ್ಲಿ ನೀವು ತಿನ್ನೋ ಸಾರಿನ ಹುಳಿಯಲ್ಲಿ ನಮ್ಮ ಜಿಲ್ಲೆಯ ಹುಣಸೆಯದ್ದು ದೊಡ್ಡ ಪಾಲು, ಅದರ ಹಿಂದೆ ಈ ಕೈಗಳಿವೆ. ಯುಗಾದಿಗೆ ಹೊಂಗೆ ಚಿಗುರಿ ನೆರಳು ಬಿಡುತ್ತೆ, ಬೇವು ಹೂ ಬಿಡುತ್ತೆ, ರಾಮನವಮಿಗೆ ಪಾನಕ, ಕೋಸಂಬರಿ. ಜಾತ್ರೆಗಳೂ ಬಿಸಿಲಿನ ಕಾಲದಲ್ಲೇ ಹೆಚ್ಚು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯೂ ಬಿಸಿಲು ಏರುವ ಹೊತ್ತಿಗೇ. ಯಾಕೆಂದರೆ ಕಾಳು ಮನೆ ಸೇರಿರುತ್ತೆ, ಕೈ ಖಾಲಿ ಇರುತ್ತೆ. ಕೊನೆಗೆ ಭರಣಿ. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದ ತನಕದ ಮಳೆ ನಕ್ಷತ್ರ. ಭರಣಿ ಮಳೆ ಧರಣಿ ಬೆಳೆ ಅಂತ ಗಾದೆ. ಆ ಹದಿನೈದು ದಿನ ಸಾಯಂಕಾಲ ಊರಿನ ಎಲ್ಲ ಮುಖಗಳೂ ಒಂದೇ ದಿಕ್ಕಿಗೆ ತಿರುಗಿರ್ತವೆ. ಒಂದು ಹದ ಮಳೆ ಬಿದ್ದ ರಾತ್ರಿ ಊರಿಗೆ ಊರೇ ನಿದ್ದೆ ಮಾಡಲ್ಲ. ಆ ರಾತ್ರಿ ನೀವು ಅಲ್ಲಿದ್ದರೆ ಮಳೆ ಅಂದರೆ ಏನು ಅಂತ ನಿಮಗೆ ಯಾವ ಜಲಪಾತವೂ ಕಲಿಸದ ಪಾಠ ಆಗುತ್ತೆ.

ಇಷ್ಟೆಲ್ಲ ಬರೀ ಪ್ರವಾಸದ ಮಾತಾಗಿದ್ದರೆ ನಾನು ಇಷ್ಟು ಸಿಟ್ಟಾಗ್ತಿರಲಿಲ್ಲ. "ಆಫ್ ಸೀಸನ್" ಅನ್ನೋ ಪದಕ್ಕೆ ಒಬ್ಬ ಅಣ್ಣ ಇದ್ದಾನೆ. ಅವನ ಹೆಸರು "ಬರಡು ಭೂಮಿ".

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಹಳ್ಳಿಗಳಲ್ಲಿ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ, ನಿಮಗೆ ಗೊತ್ತಿರುತ್ತೆ. ಶಕ್ತಿ ಸ್ಥಳ. 2018ರಲ್ಲಿ ಉದ್ಘಾಟನೆ ಆಯಿತು, ಸಾಮರ್ಥ್ಯ 2,050 ಮೆಗಾವ್ಯಾಟ್. ಭೂಮಿಯನ್ನ ಕೊಂಡಿಲ್ಲ, ಗುತ್ತಿಗೆಗೆ ತೆಗೆದುಕೊಂಡಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ವರ್ಷ ವರ್ಷ ಬರದಲ್ಲಿ ಕಡಲೇಕಾಯಿ ಕಳ್ಕೊಂಡ ರೈತನಿಗೆ ಅದು ಸಣ್ಣ ದುಡ್ಡಲ್ಲ. ಅವರು ಕೊಟ್ಟಿದ್ದನ್ನ ತಪ್ಪು ಅನ್ನೋಕೆ ನಾನ್ಯಾರು? ನನಗೆ ತಿಂಗಳ ಸಂಬಳ ಬರುತ್ತೆ.

ಆದರೆ ಆ ಯೋಜನೆಯ ಬಗ್ಗೆ ಓದುವಾಗೆಲ್ಲ ಒಂದು ಮಾತು ಎದುರಾಗುತ್ತೆ: ಉಪಯೋಗಕ್ಕೆ ಬಾರದ ನೆಲ, ಖಾಲಿ ಬಿದ್ದಿದ್ದ ನೆಲ. ಖಾಲಿ? ಅಲ್ಲಿ ಕಳೆ ಕೀಳೋಕೆ, ಕಡಲೇಕಾಯಿ ಬಿಡಿಸೋಕೆ ಹೋಗ್ತಿದ್ದ ಕೂಲಿ ಹೆಂಗಸರು ಇದ್ದರು. ಕುರಿ ಮೇಯಿಸೋರು ಇದ್ದರು. ಹೆಸರಿನಲ್ಲಿ ಪಹಣಿ ಇದ್ದವರಿಗೆ ಗುತ್ತಿಗೆ ಹಣ ಬಂತು. ಪಹಣಿ ಇಲ್ಲದವರಿಗೆ ಬೇಲಿ ಬಂತು. ನೆಲ ಖಾಲಿ ಇದೆ ಅಂತ ಒಮ್ಮೆ ಒಪ್ಪಿಕೊಂಡರೆ, ಅಲ್ಲಿದ್ದವರ ಲೆಕ್ಕ ಕೇಳೋ ಪ್ರಶ್ನೆಯೇ ಏಳಲ್ಲ. ನಾನು ಅತ್ತೆಗೆ "ಏನೂ ಇಲ್ಲ" ಅಂದಾಗ ಅಪ್ಪನನ್ನ ಲೆಕ್ಕದಿಂದ ಬಿಟ್ಟ ಹಾಗೇ. ಬರಡು ಅನ್ನೋ ಮಾತು ಕಚೇರಿಯ ಕಡತದಲ್ಲಿ ಹುಟ್ಟಲ್ಲ. ಅದು ನಮ್ಮಂಥವರ ಬಾಯಲ್ಲಿ, ವೀಕೆಂಡ್ ಪ್ಲಾನಿನಲ್ಲಿ, ಕಾರಿನ ಕಿಟಕಿ ಏರಿಸುವಾಗ ಹುಟ್ಟುತ್ತೆ.

ಇನ್ನೊಂದು ತಮಾಷೆ ನೋಡಿ. ನೀವು ಯಾವ ಬಿಸಿಲಿಗೆ ಹೆದರಿ ನಮ್ಮೂರಿಗೆ ಬರಲ್ಲವೋ, ಅದೇ ಬಿಸಿಲು ತಂತಿ ಹಿಡಿದು ನಿಮ್ಮ ರಾಜ್ಯದ ಗ್ರಿಡ್‌ಗೆ ಬರುತ್ತೆ. ಏಪ್ರಿಲ್ ಮಧ್ಯಾಹ್ನ ನಿಮ್ಮ ಎಸಿ ಓಡೋದರಲ್ಲಿ ಪಾವಗಡದ ಬಿಸಿಲಿನದ್ದೂ ಒಂದು ಪಾಲಿದೆ. ನಮ್ಮ ಬೇಸಿಗೆಯನ್ನ "ಬೆಸ್ಟ್ ಸೀಸನ್" ಅಂತ ಗುರುತಿಸಿದ ಮೊದಲ ಗಿರಾಕಿ ಅಂದರೆ ಆ ಸೋಲಾರ್ ಕಂಪನಿಗಳೇ.

ಇಷ್ಟು ಹೊತ್ತಿಗೆ ನಿಮ್ಮ ಹತ್ತಿರ ಪ್ರಶ್ನೆಗಳಿರ್ತವೆ. ನನಗೂ ಇದ್ದವು.

ಒಂದು, ಬಿಸಿಲು. ನಿಜ. ಪಾವಗಡದ ಕಡೆ ಪಾದರಸ 40ರ ಹತ್ತಿರ ಹೋಗುತ್ತೆ. ಕಾದ ಬಂಡೆ ಸಂಜೆ ತನಕ ಉಗಿ ಬಿಡುತ್ತೆ. ಯಾರನ್ನೂ ಮಧ್ಯಾಹ್ನ ಬೆಟ್ಟ ಹತ್ತಿ ಅಂತಿಲ್ಲ. ಬೆಳಗ್ಗೆ ಆದಷ್ಟು ಬೇಗ ಹತ್ತಿ, ಒಂಬತ್ತರೊಳಗೆ ಕೆಳಗಿರಿ. ಹತ್ತರಿಂದ ನಾಲ್ಕರ ತನಕ ಊರಿನವರು ಮಾಡೋದನ್ನೇ ಮಾಡಿ: ನೆರಳಲ್ಲಿ ಕೂರಿ, ಮಜ್ಜಿಗೆ ಕುಡೀರಿ, ತಾಟಿನುಂಗು ತಿನ್ನಿ, ಸುಮ್ಮನಿರಿ. ಸುಮ್ಮನಿರೋಕೆ ನಿಮಗೆ ಬರಲ್ಲ ಅನ್ನೋದು ಬಿಸಿಲಿನ ತಪ್ಪಲ್ಲ. ವಯಸ್ಸಾದವರು, ಚಿಕ್ಕ ಮಕ್ಕಳು, ಬಿಪಿ-ಶುಗರ್ ಇರೋರು ಬೆಟ್ಟ ಬಿಟ್ಟು ಕಗ್ಗಲಡುಗೆ ಹೋಗಿ.

ಎರಡು, ನೀರು. ಇದು ಸರಿಯಾದ ಪ್ರಶ್ನೆ. ಟ್ಯಾಂಕರ್‌ಗೆ ಕಾಯೋ ಊರಿಗೆ ಹೋಗಿ ನಾವೂ ನೀರು ಖರ್ಚು ಮಾಡಬೇಕಾ? ಮಾಡಬೇಡಿ. ನಿಮ್ಮ ನೀರು ನೀವೇ ತನ್ನಿ, ಬಕೆಟ್ ಸ್ನಾನ ಮಾಡಿ, ಸ್ವಿಮ್ಮಿಂಗ್ ಪೂಲ್ ಇರೋ ರೆಸಾರ್ಟ್ ಕೇಳಬೇಡಿ. ನಿಮ್ಮ ದುಡ್ಡು ಮಾತ್ರ ಅಲ್ಲಿ ಬಿಟ್ಟು ಬನ್ನಿ. ಹೊಲದಲ್ಲಿ ಕೆಲಸ ಇಲ್ಲದ ತಿಂಗಳಲ್ಲಿ ಹೋಟೆಲಿನವರಿಗೆ, ಆಟೋದವರಿಗೆ, ಎಳನೀರಿನವರಿಗೆ ಆ ದುಡ್ಡಿಗೆ ಇರೋ ಬೆಲೆ ಸುಗ್ಗಿಯಲ್ಲಿ ಇರಲ್ಲ. ಜೊತೆಗೆ, ಶಿರಾದ ಮದಲೂರು ಕೆರೆಗೆ ನೀರು ತರೋದು 2020ರ ಉಪಚುನಾವಣೆಯ ದೊಡ್ಡ ಭರವಸೆ ಯಾಕಾಗಿತ್ತು ಅಂತ, ಒಣಗಿದ ಕೆರೆಯಂಗಳ ನೋಡಿದವರಿಗೆ ಯಾರೂ ವಿವರಿಸಬೇಕಾಗಿಲ್ಲ. ತುಂಬಿದ ಕೆರೆ ಮಾತ್ರ ನೋಡಿದವರು "ಇವರದ್ದು ಯಾವಾಗ್ಲೂ ನೀರಿನ ರಾಜಕೀಯ" ಅಂತಾರೆ.

ಮೂರು, ಬೆಂಕಿ. ಇದನ್ನ ನೀವು ಕೇಳಲ್ಲ, ನಾನೇ ಹೇಳ್ತೀನಿ. ಬೇಸಿಗೆಯಲ್ಲಿ ನಮ್ಮ ಬೆಟ್ಟಗಳ ಒಣಹುಲ್ಲಿಗೆ ಒಂದು ಸಿಗರೇಟಿನ ತುಂಡು ಸಾಕು. ಕ್ಯಾಂಪ್‌ಫೈರ್ ಆಸೆ ಇರೋರು ದಯವಿಟ್ಟು ಬರಲೇಬೇಡಿ. ಅಂಥವರಿಗೆ ಹನ್ನೆರಡು ತಿಂಗಳೂ ಆಫ್ ಸೀಸನ್.

ನಾಲ್ಕು, "ಹಾಗಾದ್ರೆ ನವೆಂಬರ್‌ನಲ್ಲಿ ಬರಲೇಬಾರದಾ?" ಬನ್ನಿ. ನವೆಂಬರ್‌ನಲ್ಲಿ ನಮ್ಮೂರು ಚೆಂದವೇ. ಆದರೆ ಹಬ್ಬದ ದಿನ ಮಾತ್ರ ಮನೆಗೆ ಬರೋ ನೆಂಟರು ಆ ಮನೆ ಬಗ್ಗೆ ಅಭಿಪ್ರಾಯ ಹೇಳೋ ಹಾಗಿಲ್ಲ. ಒಂದು ಸಲವಾದರೂ ಬೇಸಿಗೆಯಲ್ಲಿ ಬಂದವರು ಮಾತ್ರ ಮಧುಗಿರಿ ನೋಡಿದ್ದೀನಿ ಅನ್ನಬಹುದು. ಇದು ನನ್ನ ಕಾನೂನು.

ಅತ್ತೆಯ ಕಥೆ ಮುಗಿಸಬೇಕು. ಅವತ್ತು ಅಪ್ಪ ಹಾಗಂದ ಮೇಲೆ ಅರ್ಧ ಗಂಟೆ ಬಿಟ್ಟು ನಾನೇ ಫೋನ್ ಮಾಡಿದೆ. "ಬನ್ನಿ ಅತ್ತೆ, ಬಿಸಿಲಿದೆ, ನೀರು ಕಮ್ಮಿ ಇದೆ, ಆದ್ರೂ ಬನ್ನಿ." ಬಂದರು. ಮೊದಲ ದಿನ ಸೆಕೆಗೆ ಸುಸ್ತಾದರು. ಎರಡನೇ ದಿನ ಅಮ್ಮನ ಜೊತೆ ಜಗಲಿಯಲ್ಲಿ ಹುಣಸೆ ಕುಟ್ಟೋಕೆ ಕೂತರು. ರಾತ್ರಿ ತಾರಸಿ ಮೇಲೆ ಚಾಪೆ ಹಾಕಿ ಮಲಗಿದೆವು. ಅಷ್ಟು ನಕ್ಷತ್ರಗಳನ್ನ ನೋಡಿ ಎಷ್ಟೋ ವರ್ಷವಾಯಿತು, ನಮ್ಮಲ್ಲಿ ಮರಗಳೇ ಅಡ್ಡ ಅಂದರು.

ಹೀಗೇ ಮಾತಿನ ನಡುವೆ ನಾನು ಇಷ್ಟು ವರ್ಷ ಅವರನ್ನ ಬೇಸಿಗೆಯಲ್ಲಿ ಯಾಕೆ ಕರೆದಿರಲಿಲ್ಲ ಅಂತ ಒಪ್ಪಿಕೊಂಡೆ. ಅತ್ತೆ ನಕ್ಕುಬಿಟ್ಟರು. "ಅಲ್ಲ ಮಾರಾಯ್ತಿ, ಜುಲೈನಲ್ಲಿ ನಿಮ್ಮ ಬೆಂಗಳೂರಿನೋರು ಕಾರಿನ ಮೇಲೆ ಕಾರು ತಗೊಂಡು ನಮ್ಮೂರಿಗೆ ಬರ್ತಾರಲ್ಲ, ಆಗ ನಮಗೆ ವಾರಗಟ್ಟಲೆ ಕರೆಂಟಿರಲ್ಲ, ಅಡಿಕೆಗೆ ಕೊಳೆ ಬಂದಿರ್ತದೆ, ಬಟ್ಟೆ ಒಣಗಲ್ಲ. ಅವರು ಎಂಥಾ ಚೆಂದ ಅಂತಾರೆ. ನಾವು ಹ್ಞೂಂ ಅಂತೀವಿ."

ಇಡೀ ಜಗಳದಲ್ಲಿ ನನಗೆ ಹೊಳೆಯದೇ ಇದ್ದಿದ್ದು ಇದು. ಹಸಿರಿರೋ ಊರಿನವರನ್ನೂ ಯಾರೂ ಕೇಳಿಲ್ಲ. ಅವರ ಕಷ್ಟದ ಕಾಲ ನಮಗೆ ಸೀಸನ್, ನಮ್ಮೂರಿನವರ ಕಷ್ಟದ ಕಾಲ ನಮಗೆ ಆಫ್ ಸೀಸನ್. ಎರಡೂ ಕಡೆ ಲೆಕ್ಕಕ್ಕೆ ಬಂದಿದ್ದು ನಮ್ಮ ಫೋಟೋ ಮಾತ್ರ.

ಮೊನ್ನೆ ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಹುಡುಗ ಬಂದು ಕೂತ. ಅದೇ ಪ್ರಶ್ನೆ. ಏಪ್ರಿಲ್ ಅಂದೆ. "ಆಗ ಅಲ್ಲಿ ಏನಿರುತ್ತೆ ಮೇಡಂ?" ಅಂದ.

"ನಮ್ಮಪ್ಪ ಇರ್ತಾರೆ" ಅಂದೆ. "ಹೋಗಿ ನೋಡ್ಕೊಂಡು ಬನ್ನಿ. ಬೆಟ್ಟದ ದಾರಿ ಅವರೇ ತೋರಿಸ್ತಾರೆ."